ಎಳೆ ವಯಸ್ಸಿನ ಅಪ್ಪ-ಅಮ್ಮಂದಿರ ವಾರದ ಗುಂಪು: ಬರಬೇಕಾದವರೇ ಬರುತ್ತಿಲ್ಲ

ಚಿಗುರುಬಳಗ:
ನಾವು ಕೆಲವು ಸ್ವಯಂಸೇವಕರು ಸೇರಿ ವಾರಕ್ಕೊಮ್ಮೆ ಎರಡು ಗಂಟೆ ಒಂದು ಗುಂಪು ನಡೆಸುತ್ತೇವೆ. ಹದಿನೆಂಟು, ಇಪ್ಪತ್ತರ ಆಸುಪಾಸಿನಲ್ಲೇ ಅಪ್ಪ-ಅಮ್ಮ ಆದವರು, ಸಂಪಾದನೆ ಸಾಲದವರು, ಹಿರಿಯರ ಆಸರೆ ಇಲ್ಲದವರಿಗಾಗಿ ಇದು. ಮಕ್ಕಳೆಲ್ಲ 3 ವರ್ಷದೊಳಗಿನವರು. ಮೊದಲ ಗಂಟೆ ಮಕ್ಕಳ ಪಾಲನೆ ಬಗ್ಗೆ ಮಾತು, ಆಮೇಲೆ ಆಟ. ತಪ್ಪದೆ ಬರುವವರು ನಮ್ಮ ನೆರವಿಲ್ಲದಿದ್ದರೂ ಸಂಭಾಳಿಸಬಲ್ಲವರು. ತೀರಾ ಕಷ್ಟದಲ್ಲಿರುವವರು ಒಮ್ಮೆ ಮುಖ ತೋರಿಸಿ ಮತ್ತೆ ಇತ್ತ ಸುಳಿಯುವುದಿಲ್ಲ. ಅಪ್ಪಂದಿರಂತೂ ಬರುವುದೇ ಇಲ್ಲ. ಇವರನ್ನು ತಲುಪುವುದು ಹೇಗೆ? ಎರಡು ಗಂಟೆಯಲ್ಲಿ ಏನು ಮಾಡಿಸಬೇಕು? ಆಟಿಕೆ, ಸುರಕ್ಷತೆ ವಿಷಯದಲ್ಲಿ ಕನಿಷ್ಠ ಏನಿರಬೇಕು?

ಮನೆಬಾಗಿಲು:
ಗುಂಪಿಗೆ ಕರೆಯುವ ಮೊದಲು ನೀವು ಅವರ ಮನೆಗೆ ಹೋಗಿ. ಗುರುತಿಲ್ಲದ ಹತ್ತು ಜನ ಕೂತಿರುವ ಕೋಣೆಗೆ ಅಳುವ ಕೂಸನ್ನೆತ್ತಿಕೊಂಡು ಒಬ್ಬಳೇ ಬರುವುದು ಸಣ್ಣ ಮಾತಲ್ಲ. "ಈ ವಯಸ್ಸಿಗೇ ಮಗುವಾ" ಅನ್ನುವ ನೋಟ ಆಕೆಗೆ ಹೊಸದೂ ಅಲ್ಲ. ಎರಡು ಮೂರು ಸಲ ಮನೆಯಲ್ಲಿ ಕಂಡವರೇ ಗುಂಪಿನ ಬಾಗಿಲಲ್ಲೂ ನಿಂತಿದ್ದರೆ ಬರುತ್ತಾರೆ.

ಮನೆ ಭೇಟಿಗೆ ಗಟ್ಟಿ ಆಧಾರವೂ ಇದೆ. 1986–87ರಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಬೆಳವಣಿಗೆ ಕುಂಠಿತವಾಗಿದ್ದ 129 ಮಕ್ಕಳ ಮೇಲೆ ಅಧ್ಯಯನವೊಂದು ಶುರುವಾಯಿತು. ಮಕ್ಕಳ ವಯಸ್ಸು 9ರಿಂದ 24 ತಿಂಗಳು. ಅವರಲ್ಲಿ ಒಂದು ಭಾಗದ ಮಕ್ಕಳ ಮನೆಗೆ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷ ವಾರಕ್ಕೊಂದು ಗಂಟೆ ಹೋಗಿ, ತಾಯಿಗೆ ಮಗುವಿನ ಜೊತೆ ಆಡುವುದನ್ನು ಕಲಿಸಿದರು. 20 ವರ್ಷದ ನಂತರ ನೋಡಿದಾಗ, ಭೇಟಿ ಸಿಗದ ಮಕ್ಕಳಿಗಿಂತ ಇವರ ಗಳಿಕೆ ಸುಮಾರು 25% ಹೆಚ್ಚಿತ್ತು.

ಒಂದು ಭೇಟಿ ಹೀಗಿರಲಿ. ಮೊದಲು ಅಮ್ಮನ ಸಮಾಚಾರ: ನಿದ್ದೆ ಆಯಿತಾ, ಊಟ ಆಯಿತಾ. ಆಮೇಲೆ ಕಳೆದ ವಾರದ ಆಟ ಹೇಗೆ ನಡೆಯಿತು ಅಂತ ಕೇಳಿ, ಅದನ್ನೇ ಇನ್ನೊಮ್ಮೆ ಆಡಿಸಿ. ಹೊಸ ಆಟವನ್ನು ನೀವು ಒಂದೇ ಸಲ ತೋರಿಸಿ. ಮುಂದಿನದೆಲ್ಲ ಆಕೆಯ ಕೈಯಲ್ಲಿ. ಹೊರಡುವಾಗ ಒಂದು ಆಟಿಕೆ ಬಿಟ್ಟುಬನ್ನಿ, ಮುಂದಿನ ವಾರ ಬದಲಿಸಿ. ಹೆಚ್ಚಾಗಿ ಕೆಡುವುದು ಇಲ್ಲೇ: ಉತ್ಸಾಹಿ ಸ್ವಯಂಸೇವಕಿ ಮಗುವನ್ನು ತಾನೇ ಎತ್ತಿಕೊಂಡು ನಗಿಸಿಬಿಡುತ್ತಾಳೆ. ಮಗುವೇನೋ ನಗುತ್ತದೆ, ಆದರೆ "ನನ್ನ ಹತ್ತಿರ ಹೀಗೆ ನಗುವುದಿಲ್ಲ" ಅಂತ ಅಮ್ಮ ಇನ್ನಷ್ಟು ಕುಗ್ಗುತ್ತಾಳೆ. ಆಕೆ ಮಾಡಿದ್ದರಲ್ಲಿ ಚೆನ್ನಾದದ್ದನ್ನು ಹೆಸರಿಟ್ಟು ಹೇಳಿ: "ಅವನು ಚೆಂಡು ನೋಡಿದ ಕೂಡಲೇ ನೀನು ಅದರ ಹೆಸರು ಹೇಳಿದೆಯಲ್ಲ, ಅದೇ ಬೇಕಾದದ್ದು."

ಬಿಡುವಿನಲ್ಲಿ ಕೆಲಸ ಮಾಡುವ ಒಬ್ಬ ಸ್ವಯಂಸೇವಕಿಗೆ ಐದು ಮನೆ ಸಾಕು. ಮಧ್ಯದಲ್ಲಿ ಆಳು ಬದಲಾದರೆ ಗಳಿಸಿದ ನಂಬಿಕೆ ಹೋಯಿತೆಂದೇ ಲೆಕ್ಕ. ಹಾಗಾಗಿ ವರ್ಷವಿಡೀ ಇರುವ ಖಾತ್ರಿ ಕೊಡದವರನ್ನು ಭೇಟಿಗೆ ಹಾಕಬೇಡಿ, ಗುಂಪಿನ ಕೆಲಸಕ್ಕೆ ಇಟ್ಟುಕೊಳ್ಳಿ.

ಗಿಲಕಿ:
ಗುಂಪಿನ ವಿಷಯಕ್ಕೆ ಬರುತ್ತೇನೆ. ಆ ಒಂದು ಗಂಟೆಯ ಭಾಷಣ ಮೊದಲು ನಿಲ್ಲಿಸಿ. ಎರಡು ವರ್ಷದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಉಪದೇಶ ಕೇಳಲು ಯಾರಿಂದಲೂ ಆಗದು. ಬಂದವರು ನೆಲೆಗೊಳ್ಳಲು ಹದಿನೈದು ನಿಮಿಷ, ಮಾತಿನ ಆಟ ಮತ್ತು ಹಾಡು ಹತ್ತು ನಿಮಿಷ, ಅಪ್ಪ-ಅಮ್ಮ ಮತ್ತು ಮಗು ಜೊತೆಯಾಗಿ ಆಡುವುದು ನಲವತ್ತು ನಿಮಿಷ, ತಿಂಡಿ. ಆ ತಿಂಡಿಯ ಹೊತ್ತಿನಲ್ಲೇ ಒಂದು ವಿಷಯ, ಒಂದೇ ವಿಷಯ: ರಾತ್ರಿ ಅಳು ನಿಲ್ಲದಿದ್ದರೆ ಏನು ಮಾಡುವುದು ಅನ್ನುವ ಥರದ್ದು. (ಸಿಟ್ಟು ನೆತ್ತಿಗೇರಿದಾಗ ಮಗುವನ್ನು ಸುರಕ್ಷಿತ ಜಾಗದಲ್ಲಿ ಅಂಗಾತ ಮಲಗಿಸಿ ಕೆಲವು ನಿಮಿಷ ಆಚೆ ಹೋಗಬಹುದು, ಆದರೆ ಮಗುವನ್ನು ಎಂದೂ ಕುಲುಕಬಾರದು. ಇದನ್ನು ಎಷ್ಟು ಸಲ ಹೇಳಿದರೂ ಹೆಚ್ಚಲ್ಲ.)

ಪ್ರಯಾಣದ ಖರ್ಚನ್ನು ಬಂದ ಕೂಡಲೇ ಕೈಗೆ ಕೊಡಿ. "ರಸೀದಿ ತನ್ನಿ, ತಿಂಗಳ ಕೊನೆಗೆ ಕೊಡುತ್ತೇವೆ" ಅಂದರೆ ಕೈಯಲ್ಲಿ ಕಾಸಿಲ್ಲದವರು ಹೊರಡುವುದೇ ಇಲ್ಲ. ಮೊದಲ ದಿನ ಹೆಸರು, ಮಗುವಿನ ವಯಸ್ಸು, ಅಲರ್ಜಿ, ತುರ್ತಿಗೆ ಒಂದು ಫೋನ್ ನಂಬರ್ ಬಿಟ್ಟು ಬೇರೇನೂ ಕೇಳಬೇಡಿ. ಆದಾಯದ ಪ್ರಶ್ನೆ ಇರುವ ನಾಲ್ಕು ಪುಟದ ಫಾರಂ ಕಂಡವರು ಮರುವಾರ ಬರುವುದಿಲ್ಲ.

ಅಪ್ಪ-ಅಮ್ಮ ಬೇರೆ ಕೋಣೆಯಲ್ಲಿದ್ದರೆ, 2 ವರ್ಷದೊಳಗಿನ ಮೂರು ಕೂಸುಗಳಿಗೆ ಒಬ್ಬರಾದರೂ ಬೇಕು. ಸ್ವಯಂಸೇವಕರು ಯಾರೂ ಮಗುವಿನೊಂದಿಗೆ ಮುಚ್ಚಿದ ಬಾಗಿಲ ಹಿಂದೆ ಒಬ್ಬರೇ ಇರಕೂಡದು. ಆಟಿಕೆ ಅಥವಾ ಅದರಿಂದ ಬಿಡಿಬರುವ ಚೂರು ಗಂಟಲಲ್ಲಿ ಸಿಕ್ಕಿಕೊಳ್ಳುವಷ್ಟು ಚಿಕ್ಕದೇ ಅಂತ ನೋಡಲು 31.7 ಮಿಲಿಮೀಟರ್ ವ್ಯಾಸದ ಪರೀಕ್ಷಾ ಕೊಳವೆ ಬರುತ್ತದೆ. ಅದರೊಳಗೆ ಪೂರ್ತಿ ಇಳಿಯುವುದೆಲ್ಲ ಹೊರಗೆ. ಬಟನ್ ಬ್ಯಾಟರಿ, ಅಯಸ್ಕಾಂತ ಇರುವ ಆಟಿಕೆ ಬೇಡವೇ ಬೇಡ. ಬಾಯಿಗಿಟ್ಟದ್ದನ್ನು ಬೇರೆ ಬುಟ್ಟಿಗೆ ಹಾಕಿ. ಸೋಪು ನೀರಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಮತ್ತೆ ಹೊರತೆಗೆಯಿರಿ. ಭೇದಿ ಆದ ಮಗು ಕೊನೆಯ ಭೇದಿಯಿಂದ 48 ಗಂಟೆ ಗುಂಪಿಗೆ ಬರಬಾರದು. ಆ ವಾರ ನೀವೇ ಫೋನ್ ಮಾಡಿ ವಿಚಾರಿಸಿ, ಇಲ್ಲವಾದರೆ "ಬೇಡ ಅಂದರು" ಅಂತ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ.

ತಿಳಿನೀರು:
ಮೇಲಿನವರು ಬಿಟ್ಟಿದ್ದು ಅಮ್ಮನ ಮನಸ್ಸು. ಬಾರದಿರುವುದಕ್ಕೆ ಹಲವು ಸಲ ಸೋಮಾರಿತನವಲ್ಲ, ಖಿನ್ನತೆ ಕಾರಣ. ಹೆರಿಗೆಯ ನಂತರದ ಖಿನ್ನತೆಯ ಸುಳಿವು ಹಿಡಿಯಲು ಮಾಡಿದ 1987ರ ಎಡಿನ್‌ಬರೋ ಪ್ರಶ್ನಾವಳಿ ಬಳಸಬಹುದು: ಕಳೆದ 7 ದಿನಗಳ ಕುರಿತು 10 ಪ್ರಶ್ನೆ, ಒಂದೊಂದಕ್ಕೆ 0ಯಿಂದ 3, ಒಟ್ಟು 30. ಸಾಮಾನ್ಯವಾಗಿ 13 ಅಥವಾ ಹೆಚ್ಚು ಬಂದರೆ ವೈದ್ಯರ ಬಳಿ ಕಳಿಸಬೇಕು. 10 ದಾಟಿದರೂ ಕಣ್ಣಿಡಿ. ಹತ್ತನೆಯದು ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದ್ದು. ಅದಕ್ಕೆ ಸೊನ್ನೆ ಬಿಟ್ಟು ಏನೇ ಬಂದರೂ, ಒಟ್ಟು ಅಂಕ ಎಷ್ಟಿದ್ದರೂ, ಅವತ್ತೇ ನೆರವು ಸಿಗಬೇಕು. ಇದು ಶೋಧನೆ ಮಾತ್ರ, ರೋಗನಿರ್ಣಯ ಅಲ್ಲ. ಕಳಿಸುವ ಜಾಗ ಗೊತ್ತುಮಾಡಿಕೊಳ್ಳದೆ ಪ್ರಶ್ನೆ ಕೇಳಲೇಬೇಡಿ. ಗುಂಪಿನ ನಡುವೆ, ಅತ್ತೆಯ ಎದುರಿಗೆ, ಗಂಡನ ಎದುರಿಗೆ ತುಂಬಿಸಿದ ಹಾಳೆಯಲ್ಲಿ ನಿಜ ಇರುವುದಿಲ್ಲ.

ಗುಟ್ಟಿನ ಬಗ್ಗೆಯೂ ಮೊದಲೇ ಹೇಳಿಬಿಡಿ: ಹೇಳಿದ್ದೆಲ್ಲ ನಮ್ಮಲ್ಲೇ ಇರುತ್ತದೆ, ಆದರೆ ಮಗುವಿಗೋ ನಿನಗೋ ಅಪಾಯ ಅನ್ನಿಸಿದರೆ ಸಂಬಂಧಪಟ್ಟವರಿಗೆ ತಿಳಿಸಲೇಬೇಕು. ನಂತರ ಹೇಳಿದರೆ ಮೋಸ ಅನ್ನಿಸುತ್ತದೆ.

ಚಿಗುರುಬಳಗ:
ತುಂಬಾ ಉಪಯೋಗವಾಯಿತು. ಭಾಷಣ ನಿಲ್ಲಿಸುತ್ತೇವೆ. ಅಪ್ಪಂದಿರ ಬಗ್ಗೆ ಯಾರೂ ಹೇಳಲಿಲ್ಲ?

ಮನೆಬಾಗಿಲು:
ಮೊದಲು ಅಮ್ಮನನ್ನು ಒಬ್ಬಳೇ ಇದ್ದಾಗ ಕೇಳಿ. ಮನೆಯಲ್ಲಿ ಹೊಡೆತ-ಬಡಿತ ಇದ್ದರೆ ಅಪ್ಪನನ್ನು ಕರೆಯುವುದು ಆಕೆಗೇ ಅಪಾಯ. ಬೇರೆಯಾದ ಜೋಡಿಯಾದರೆ ಆಕೆ ಯಾವತ್ತು ಬರುತ್ತಾಳೆ ಅಂತ ಆತನಿಗೆ ಫೋನಿನಲ್ಲೂ ಹೇಳಬೇಡಿ. ತೊಂದರೆ ಇಲ್ಲ ಅಂತಾದರೆ ಅವನ ಹೆಸರು ಹಿಡಿದು, ಅವನ ನಂಬರಿಗೇ ಕರೆ ಮಾಡಿ. ಹೆಂಡತಿಯ ಮೂಲಕ ಹೇಳಿಕಳಿಸಿದ್ದು ಆಮಂತ್ರಣವಲ್ಲ. ದುಡಿಮೆ ಮುಗಿದ ಹೊತ್ತಿನಲ್ಲಿ ತಿಂಗಳಿಗೊಂದು ಭೇಟಿ ಇಟ್ಟು, ಮಗುವಿಗೆ ಸ್ನಾನ ಮಾಡಿಸುವುದನ್ನೋ ಮಲಗಿಸುವುದನ್ನೋ ಅವನ ಕೈಯಲ್ಲೇ ಮಾಡಿಸಿ. ಗುಂಪಿಗೂ ಒಬ್ಬ ಗಂಡಸು ಸ್ವಯಂಸೇವಕ ಇರಲಿ. ಹದಿನೈದು ಹೆಂಗಸರ ನಡುವೆ ತಾನೊಬ್ಬನೇ ಅಂದರೆ ಬಾಗಿಲಿಂದಲೇ ವಾಪಸ್ ಹೋಗುತ್ತಾನೆ.