ಕ್ಷೇತ್ರದಿಂದ ಕ್ಷೇತ್ರಕ್ಕೆ ಪಕ್ಷದ ಸಂಘಟನೆಯನ್ನು ಹೋಲಿಸುವುದು ಹೇಗೆ?

ಪ್ರಶ್ನೆ:
ಎರಡು ಪಕ್ಷಗಳ ಬೇರು ಎಲ್ಲ ಕ್ಷೇತ್ರಗಳಲ್ಲೂ ಎಷ್ಟು ಸಮನಾಗಿ ಇಳಿದಿದೆ ಎಂದು ಹೋಲಿಸಬೇಕು. ಕೈಯಲ್ಲಿರುವುದು ಕ್ಷೇತ್ರವಾರು ಫಲಿತಾಂಶ ಮಾತ್ರ. ಪ್ರತಿ ಪಕ್ಷದ ಮತಪ್ರಮಾಣಕ್ಕೆ ಸರಾಸರಿ, ಪ್ರಮಾಣಿತ ವಿಚಲನೆ (ಸರಾಸರಿಯ ಸುತ್ತ ಎಷ್ಟು ಚದುರಿದೆ ಎಂಬ ಅಳತೆ) ತೆಗೆದೆ. ಸಣ್ಣ ಪಕ್ಷವೇ ಹೆಚ್ಚು ಸಮನಾಗಿರುವಂತೆ ಕಾಣುತ್ತಿದೆ. ಎಲ್ಲಿ ಎಡವುತ್ತಿದ್ದೇನೆ?

ಉತ್ತರ 1:
ವಿಚಲನೆ ಸಾಮಾನ್ಯವಾಗಿ ಪಕ್ಷದ ಗಾತ್ರದ ಜೊತೆಗೇ ದೊಡ್ಡದಾಗುತ್ತದೆ. ಸರಾಸರಿ 3% ಇರುವ ಪಕ್ಷಕ್ಕೆ ಕೆಳಗೆ ಇಳಿಯಲು ಮೂರೇ ಅಂಕ ಜಾಗ. 35% ಇರುವ ಪಕ್ಷಕ್ಕೆ ಹಾಗಲ್ಲ. ಅದರ ಬದಲು ಹಂಚಿಕೆ ಎಷ್ಟು ಅಸಮ ಎಂದು ಅಳೆಯುವ ಗಿನಿ ಸೂಚ್ಯಂಕ ಬಳಸಿ; ಸಂಪೂರ್ಣ ಸಮವಾಗಿದ್ದರೆ ಅದು 0. 1ರಿಂದ ಗಿನಿಯನ್ನು ಕಳೆದರೆ ಬರುವುದು ರಾಜಕೀಯ ಶಾಸ್ತ್ರಜ್ಞರಾದ ಜೋನ್ಸ್ ಮತ್ತು ಮೇನ್‌ವೇರಿಂಗ್ 2003ರಲ್ಲಿ ಮುಂದಿಟ್ಟ ಅಂಕ. 1ಕ್ಕೆ ಹತ್ತಿರವಾದಷ್ಟೂ ಬೆಂಬಲ ಸಮ.

ಎಕ್ಸೆಲ್‌ನಲ್ಲೇ ಆಗುತ್ತದೆ. ಮತಪ್ರಮಾಣವನ್ನು ಏರಿಕೆ ಕ್ರಮದಲ್ಲಿ ಜೋಡಿಸಿ, ಕ್ರಮಸಂಖ್ಯೆ ಕೊಡಿ. ಕ್ರಮಸಂಖ್ಯೆಯ ಎರಡರಷ್ಟರಿಂದ ಒಟ್ಟು ಕ್ಷೇತ್ರಗಳ ಸಂಖ್ಯೆಯನ್ನೂ 1ನ್ನೂ ಕಳೆದು, ಆ ಸಾಲಿನ ಮತಪ್ರಮಾಣಕ್ಕೆ ಗುಣಿಸಿ. ಎಲ್ಲ ಸಾಲು ಕೂಡಿಸಿ, ‘ಕ್ಷೇತ್ರಗಳ ಸಂಖ್ಯೆ × ಮತಪ್ರಮಾಣಗಳ ಮೊತ್ತ’ದಿಂದ ಭಾಗಿಸಿದರೆ ಗಿನಿ.

ಐದು ಕ್ಷೇತ್ರಗಳಲ್ಲಿ 8, 9, 10, 11, 12 ಪಡೆದ ಪಕ್ಷಕ್ಕೆ ಗಿನಿ 20/250, ಅಂದರೆ 0.08, ಅಂಕ 0.92. ನಾಲ್ಕು ಕಡೆ ಸೊನ್ನೆ, ಒಂದು ಕಡೆ 50 ಪಡೆದ ಪಕ್ಷಕ್ಕೆ ಅಂಕ 0.20. ಎರಡಕ್ಕೂ ಸರಾಸರಿ 10.

ಉತ್ತರ 2:
ಮೇಲಿನ ಲೆಕ್ಕ ಸರಿ. ಆದರೆ ಆ 0.20 ಅಲ್ಲಿ ಸಾಧ್ಯವಿರುವ ಕನಿಷ್ಠ ಅಂಕ. ಐದು ಕ್ಷೇತ್ರವಿದ್ದರೆ ಕನಿಷ್ಠ 1/5, ಇನ್ನೂರಿದ್ದರೆ 1/200. ಹಾಗಾಗಿ ಕ್ಷೇತ್ರಗಳ ಸಂಖ್ಯೆ ಬೇರೆ ಬೇರೆ ಇರುವ ಚುನಾವಣೆಗಳ ಅಂಕವನ್ನು ನೇರವಾಗಿ ಪಕ್ಕಪಕ್ಕ ಇಡಬೇಡಿ. ದೊಡ್ಡ ಕ್ಷೇತ್ರಕ್ಕೂ ಚಿಕ್ಕದಕ್ಕೂ ಒಂದೇ ತೂಕ ಸಿಗುವುದೂ ದೋಷವೇ. ರಾಜಕೀಯ ಶಾಸ್ತ್ರಜ್ಞ ಬಾಕ್ಸ್ಲರ್ 2010ರಲ್ಲಿ ಕೊಟ್ಟ ಪರಿಷ್ಕೃತ ಸೂತ್ರ ಈ ಎರಡನ್ನೂ ಸರಿಪಡಿಸುತ್ತದೆ.

ಇನ್ನೊಂದು ಮಾತು: ಸ್ಪರ್ಧಿಸದ ಕ್ಷೇತ್ರದ ಸಾಲನ್ನು ಖಾಲಿ ಬಿಡಬೇಡಿ, ಸೊನ್ನೆ ಹಾಕಿ. ಖಾಲಿ ಬಿಟ್ಟರೆ ಅಭ್ಯರ್ಥಿಯೇ ಸಿಗದ ಪಕ್ಷ ಎಲ್ಲೆಡೆ ಬಲವಾಗಿರುವಂತೆ ಕಾಣುತ್ತದೆ.

ಪ್ರಶ್ನೆ ಕೇಳಿದವರು:
ಮೈತ್ರಿಯಲ್ಲಿ ಸೀಟು ಬಿಟ್ಟುಕೊಟ್ಟಿದ್ದರೂ ಸೊನ್ನೆಯೇ?

ಉತ್ತರ 2:
ಆಗ ಎರಡು ಅಂಕ ತೆಗೆಯಿರಿ: ಎಲ್ಲ ಕ್ಷೇತ್ರಕ್ಕೆ ಒಂದು, ಸ್ಪರ್ಧಿಸಿದ ಕ್ಷೇತ್ರಗಳಿಗಷ್ಟೇ ಇನ್ನೊಂದು. ಬಿಟ್ಟುಕೊಟ್ಟ ಕ್ಷೇತ್ರಗಳು ಎಷ್ಟೆಂದು ಪಕ್ಕದಲ್ಲೇ ಬರೆಯಿರಿ. ಮಿತ್ರಪಕ್ಷದ ಮತವನ್ನು ಇದರ ಖಾತೆಗೆ ಸೇರಿಸುವುದು ಮಾತ್ರ ತಪ್ಪು.

ಉತ್ತರ 3:
ಯಾವ ಎಲ್ಲೆಯೊಳಗೆ ಅಳೆಯುತ್ತೀರಿ ಎನ್ನುವುದನ್ನು ಮೊದಲು ತೀರ್ಮಾನಿಸಿ. ಬ್ರಿಟನ್ನಿನ 2015ರ ಚುನಾವಣೆ ನೋಡಿ. ಯುಕಿಪ್ (ಯುಕೆ ಇಂಡಿಪೆಂಡೆನ್ಸ್ ಪಾರ್ಟಿ) ದೇಶದ ಉದ್ದಗಲಕ್ಕೂ ಹರಡಿ 12.6% ಮತ ಪಡೆದರೂ ಗೆದ್ದಿದ್ದು ಒಂದೇ ಸೀಟು. ಸ್ಕಾಟಿಷ್ ನ್ಯಾಷನಲ್ ಪಾರ್ಟಿಗೆ ಸಿಕ್ಕಿದ್ದು 4.7%, ಆದರೆ 56 ಸೀಟು. ಅದು ಸ್ಪರ್ಧಿಸಿದ್ದು ಸ್ಕಾಟ್ಲೆಂಡಿನ 59 ಕ್ಷೇತ್ರಗಳಲ್ಲಿ ಮಾತ್ರ. 650 ಕ್ಷೇತ್ರಗಳ ಲೆಕ್ಕದಲ್ಲಿ ಅದರ ಅಂಕ 59/650, ಸುಮಾರು 0.09ನ್ನು ದಾಟಲಾರದು. ಸ್ಕಾಟ್ಲೆಂಡಿನೊಳಗೆ ಅಳೆದರೆ ಚಿತ್ರವೇ ಬೇರೆ.

ಮತ್ತೆ, ಇದು ಬೆಂಬಲದ ಹರಡುವಿಕೆಯ ಅಳತೆ, ಸಂಘಟನೆಯದಲ್ಲ. ಒಬ್ಬ ಜನಪ್ರಿಯ ನಾಯಕರ ಅಲೆಯಲ್ಲೂ ಮತ ಸಮನಾಗಿ ಬೀಳುತ್ತದೆ, ಕೆಳಗೆ ಕಾರ್ಯಕರ್ತರೇ ಇಲ್ಲದಿದ್ದರೂ. ಸಂಘಟನೆಗೆ ಬೇರೆ ಎಣಿಕೆ ಬೇಕು: ಎಷ್ಟು ಮತಗಟ್ಟೆಗಳಲ್ಲಿ ಪಕ್ಷದ ಏಜೆಂಟ್ ಮತದಾನ ಮುಗಿಯುವವರೆಗೂ ಕುಳಿತಿದ್ದರು, ಸ್ಥಳೀಯ ಸಂಸ್ಥೆಗಳ ಎಷ್ಟು ವಾರ್ಡುಗಳಲ್ಲಿ ಅಭ್ಯರ್ಥಿ ನಿಂತರು, ಚುನಾವಣೆಯಿಲ್ಲದ ವರ್ಷದಲ್ಲಿ ಘಟಕದ ಸಭೆ ನಡೆಯಿತೇ. ಸದಸ್ಯತ್ವದ ಸಂಖ್ಯೆಯನ್ನು ನಾನು ಕೊನೆಗೆ ಇಡುತ್ತೇನೆ; ಪಕ್ಷವೇ ಹೇಳುವ ಲೆಕ್ಕ ಅದು, ಬಿಟ್ಟುಹೋದವರ ಹೆಸರು ಪಟ್ಟಿಯಲ್ಲೇ ಉಳಿದಿರುತ್ತದೆ.

ನಿಮ್ಮ ಬಳಿ ಫಲಿತಾಂಶ ಮಾತ್ರ ಇರುವುದರಿಂದ ಸ್ಥಳೀಯ ಚುನಾವಣೆಯ ಅಂಕಿಅಂಶವನ್ನೂ ತರಿಸಿಕೊಂಡು, ಅವೇ ಕ್ಷೇತ್ರಗಳ ಲೆಕ್ಕಕ್ಕೆ ಕೂಡಿಸಿಕೊಳ್ಳಿ. ರಾಷ್ಟ್ರೀಯ ಚುನಾವಣೆಯಲ್ಲಿ 0.85 ಬಂದ ಪಕ್ಷ ಸ್ಥಳೀಯ ಚುನಾವಣೆಯಲ್ಲಿ 0.50ಕ್ಕೆ ಕುಸಿದರೆ, ಮೊದಲು ತಳಮಟ್ಟದ ಘಟಕಗಳ ಮೇಲೆಯೇ ಸಂಶಯಪಡಿ. ಎರಡು ಚುನಾವಣೆಗಳ ನಡುವೆ ಕ್ಷೇತ್ರಗಳ ಗಡಿ ಬದಲಾಗಿದ್ದರೆ ಮಾತ್ರ ಈ ಹೋಲಿಕೆ ಕೈಕೊಡುತ್ತದೆ. ಆಗ ಮತಗಟ್ಟೆವಾರು ಲೆಕ್ಕ ಹಿಡಿದು ಹಳೆಯ ಮತಗಳನ್ನು ಹೊಸ ಗಡಿಗೆ ಜೋಡಿಸಿಕೊಳ್ಳಬೇಕು.