ಸಿಕಲ್ ಸೆಲ್ ಮಗಳಿಗೆ ತಲೆ ಡಾಪ್ಲರ್ 178: ರಕ್ತ ಹಾಕ್ಸೋದೋ, ಹೈಡ್ರಾಕ್ಸಿನೋ? ಅನುಭವ ಇದ್ದವ್ರು ಹೇಳ್ರಿ

ಕೊಪ್ಪಳದಿಂದ: ಮಗಳಿಗೆ 4 ವರ್ಷ, ಸಿಕಲ್ ಸೆಲ್ (ಕೆಂಪು ರಕ್ತಕಣ ಕುಡಗೋಲಿನಂಗ ಬಾಗೋ ರೋಗ), ಎಸ್‌ಎಸ್ ಅಂದ್ರ ತಂದಿ ತಾಯಿ ಇಬ್ಬರಿಂದ್ಲೂ ಬಂದದ್ದು, 12 ಕೆ.ಜಿ. ಟಿಸಿಡಿ (ಮೆದುಳಿನ ರಕ್ತನಾಳದಾಗ ರಕ್ತ ಓಡೋ ವೇಗ ನೋಡೋ ತಲೆ ಡಾಪ್ಲರ್, ಹೆಚ್ಚಿದ್ರ ಸ್ಟ್ರೋಕ್ ಭಯ) ಸೆಕೆಂಡಿಗೆ 178 ಸೆಂ.ಮೀ. ಬಂದೈತ್ರಿ. ಒಬ್ರು ಹೈಡ್ರಾಕ್ಸಿಯೂರಿಯಾ ಔಷಧಿ ಅಂತಾರ, ಇನ್ನೊಬ್ರು ತಿಂಗಳಾ ರಕ್ತ ಅಂತಾರ.

ಸಿಂಧನೂರು: ರಕ್ತಾನೇ ಗಟ್ಟಿ. ಸಿಕಲ್ ಸೆಲ್ ಮಕ್ಕಳಿಗೆ ರಕ್ತ ಏರಿಸಿ ನೋಡಿದ 1998ರ ಸ್ಟಾಪ್ ಅಧ್ಯಯನದಾಗ ಸ್ಟ್ರೋಕ್ 90 ಪರ್ಸೆಂಟ್ ಇಳಿದೈತಿ. ಆದ್ರ ಒಂದು ಬ್ಯಾಗ್ ಏರಿಸಿ ಮನಿಗೆ ಬರೋ ಕೆಲಸ ಅಲ್ರಿ ಅದು. 3–4 ವಾರಕ್ಕೊಮ್ಮೆ, ವರ್ಷಕ್ಕ 13ರಿಂದ 17 ಸರ್ತಿ. ಪ್ರತಿ ಸರ್ತಿ ಎರಡು ದಿನದ ಕೂಲಿ ಹೋತು: ಒಂದಿನ ಕ್ರಾಸ್‌ಮ್ಯಾಚ್‌ಗೆ (ರಕ್ತ ಹೊಂದತೈತೋ ನೋಡಾಕ), ಒಂದಿನ ಏರಸಾಕ. ರಕ್ತ ಫ್ರೀ, ಬಸ್ಸು ಊಟ ಫ್ರೀ ಅಲ್ಲ. ಹಾಕೋ ಮೊದ್ಲ ಎಸ್ (ರೋಗದ ಹಿಮೋಗ್ಲೋಬಿನ್) ಎಷ್ಟೈತಿ ನೋಡ್ಸ್ರಿ, 30 ಪರ್ಸೆಂಟ್ ಕೆಳಗ ಇರಬೇಕು. ಎಸ್ ಇಳಿಯೂ ಮೊದ್ಲ ಹಿಮೋಗ್ಲೋಬಿನ್ 11 ದಾಟಿಸಿದ್ರ ರಕ್ತ ಮಂದ ಆಗಿ ಎಡವಟ್ಟು. ಫೆರಿಟಿನ್ (ಮೈಯಾಗಿನ ಕಬ್ಬಿಣದ ಲೆಕ್ಕ) 1000 ದಾಟಿದ್ರ ಕಬ್ಬಿಣ ಹೊರಗ ಹಾಕೋ ಡಿಫೆರಸಿರಾಕ್ಸ್ ಔಷಧಿ, ಅದಕ್ಕ ತಿಂಗಳಾ ಕ್ರಿಯೇಟಿನಿನ್ (ಕಿಡ್ನಿ ಪರೀಕ್ಷೆ). ದೊಡ್ಡ ಬ್ಯಾಗಿಗೆ 200 ಮಿ.ಗ್ರಾಂ ಕಬ್ಬಿಣ ಮೈಯಾಗ ಕುಂದರತೈತಿ.

ಬಳ್ಳಾರಿ: ಅಕ್ಕಾ, ಆ ಅಧ್ಯಯನ 200 ದಾಟಿದ ಮಕ್ಕಳದ್ದು. ಇಲ್ಲಿರೋದು 178. ಓದಿ ಬರೀರಿ.
ಹೈಡ್ರಾಕ್ಸಿ ಲೆಕ್ಕ: ಡಾಕ್ಟರು ಕೆ.ಜಿ.ಗೆ 20 ಮಿ.ಗ್ರಾಂ ಬರೆದರೆ ದಿನಕ್ಕೆ 240. ಸಿಗೋದು 500ರ ಕ್ಯಾಪ್ಸೂಲ್. ಬಿಚ್ಚಿ, 10 ಮಿ.ಲೀ. ನೀರಲ್ಲಿ ಚೆನ್ನಾಗಿ ಕಲಕಿ, ಸಿರಿಂಜಲ್ಲಿ 4.8 ಮಿ.ಲೀ. ಎಳೆಯೋದು. ಅರ್ಧ ಕ್ಯಾಪ್ಸೂಲ್ ಕಣ್ಣಂದಾಜಲ್ಲಿ ಕೊಡೋರಿದ್ದಾರೆ, ಅದಕ್ಕೇ ಒಂದಿನ ಹೆಚ್ಚು ಒಂದಿನ ಕಡಿಮೆ ಆಗೋದು. ಪುಡಿ ಮುಟ್ಟೋವಾಗ ಗ್ಲೌಸ್, ಮನೇಲಿ ಗರ್ಭಿಣಿ ಇದ್ದರೆ ಅವರ ಕೈಗೆ ಕೊಡಲೇಬೇಡಿ. ಶುರುವಲ್ಲಿ 4 ವಾರಕ್ಕೊಮ್ಮೆ ಸಿಬಿಸಿ (ರಕ್ತಕಣ ಎಣಿಸೋ ಪರೀಕ್ಷೆ). ಪ್ಲೇಟ್‌ಲೆಟ್ 80 ಸಾವಿರಕ್ಕಿಂತ ಕೆಳಗೆ ಬಂದರೆ ನಿಲ್ಲಿಸಿ ಡಾಕ್ಟರಿಗೆ ಫೋನ್. ಗುಣ ಕಾಣೋಕೆ 3–6 ತಿಂಗಳು ಬೇಕು, ಮೂರೇ ವಾರಕ್ಕೆ ಬೇಜಾರಾಗಿ ಬಿಡೋರೇ ಜಾಸ್ತಿ.

ಮಾನ್ವಿ: ನಮ್ಮ ದೇಶದ ಮಕ್ಕಳಿಗೆ ಎಚ್‌ಬಿಎಫ್ (ಹೊಟ್ಟ್ಯಾಗಿದ್ದಾಗಿನ ಕೂಸಿನ ಹಿಮೋಗ್ಲೋಬಿನ್, ಎಸ್ ಕಾಟ ತಗ್ಗಿಸೋದು) ಹೆಚ್ಚು, ಸ್ಟ್ರೋಕ್ ಆಗಂಗಿಲ್ಲ. ಬಿಸಿಲಾಗ ನೀರು ಕುಡಸ್ರಿ, ಸಾಕು. ಸುಮ್ಮ ಹೆದರಸಬ್ಯಾಡ್ರಿ.

ಬಳ್ಳಾರಿ: ಕಡಿಮೆ ಅನ್ನಿ, ಆಗಲ್ಲ ಅನ್ನಬೇಡಿ. ಬಾಯಿ ಸೊಟ್ಟಗಾಗೋದು, ಕೈ ಬೀಳೋದು ಅಷ್ಟೇ ಸ್ಟ್ರೋಕ್ ಅಂದ್ಕೊಂಡಿದ್ದೀರಾ? ಸೈಲೆಂಟ್ ಇನ್‌ಫಾರ್ಕ್ಟ್ (ಹೊರಗೆ ಗೊತ್ತಾಗದೆ ಮೆದುಳಲ್ಲಿ ಆಗೋ ಸಣ್ಣ ಸ್ಟ್ರೋಕ್) ಎಂಆರ್‌ಐನಲ್ಲಿ ಮಾತ್ರ ಕಾಣೋದು. ಎರಡು ಕೆಲಸ ಹೇಳಿದರೆ ಮಗು ಒಂದು ಮರೆಯುತ್ತೆ, ಟೀಚರು ಸೋಮಾರಿ ಅಂತಾರೆ.

ಸಿಂಧನೂರು: ಹೌದ್ರಿ, ಓದಿದವ್ರು ನೀವೊಬ್ರೆ. ಇನ್ನೊಂದು: ಎಸ್ ಇಳೀಲಿಲ್ಲ ಅಂದ್ರ ದಾನಿ ಯಾರಂತ ನೋಡ್ರಿ. ಟ್ರೇಟ್ ಇದ್ದ (ರೋಗ ಇಲ್ಲ, ಒಂದು ಎಸ್ ಜೀನ್ ಅಷ್ಟ ಇದ್ದ) ಕಾಕಾ ಕೊಟ್ರ ಆ ಬ್ಯಾಗಿನಾಗೂ ಎಸ್ ಇರತೈತಿ, ಬಿಳಿಕಣ ಸೋಸೋ ಫಿಲ್ಟರ್ರೂ ಕಟ್ಟಿಕೊಂತೈತಿ.

ಮಾನ್ವಿ: ರಕ್ತ ಕೊಟ್ಟ ಕಾಕಾನ್ನೂ ಬೈದ್ರಲ್ಲ ಈಗ!

ರಾಯಚೂರು: ಜಗಳ ಆಮ್ಯಾಗ. ಆ 178 ಯಾವ್ದಂತ ಒಬ್ರೂ ಕೇಳಲಿಲ್ಲ. 170 (ಎಚ್ಚರ), 200 (ಅಪಾಯ) ಅನ್ನೋ ಗಡಿ ಸರಾಸರಿ ವೇಗದ್ದು, ರಿಪೋರ್ಟಿನಾಗ ಅದು ಟಿಎಎಂಎಂ ಅಂತಿರಬೇಕು. ಪಿಎಸ್‌ವಿ ಅಂತಿದ್ರ ಅದು ಎದಿ ಬಡಿತದ ತುದಿಯ ವೇಗ, ಸರಾಸರಿ ಅದಕ್ಕಿಂತ ಬಾಳ ಕೆಳಗಿರತೈತಿ. ಹಂಗಂತ ನಿರಾಳ ಆಗಬ್ಯಾಡ್ರಿ, ಸ್ಕ್ಯಾನಿಂಗ್ ಸೆಂಟರಿನ ಕಲರ್ ಡಾಪ್ಲರ್ ಸುಮಾರು 10 ಪರ್ಸೆಂಟ್ ಕಡಿಮಿ ತೋರಸ್ತೈತಿ. ಜ್ವರ ಇದ್ದಾಗ, ನಿದ್ದಿ ಹತ್ತಿದಾಗ, ಈಗಷ್ಟ ರಕ್ತ ಏರಿಸಿದಾಗ ತೆಗೆದ ಲೆಕ್ಕ ನಂಬಬ್ಯಾಡ್ರಿ. ಖರೇನ ಟಿಎಎಂಎಂ 178 ಆಗಿದ್ರ ಮೂರು ತಿಂಗಳಿಗೆ ಮತ್ತ ಮಾಡ್ಸ್ರಿ.

ಕೊಪ್ಪಳದಿಂದ: ಪಿಎಸ್‌ವಿ ಅಂತ ಐತ್ರಿ ಸರ್. ಸ್ಕ್ಯಾನ್ ಮಾಡೋವಾಗ ಮಲಗಿದ್ಲು.