ಝಕಾತ್, ಚಂದಾ, ಅಮಾನತ್, ಮುಹಾಜಿರ್: ಕನ್ನಡದಲ್ಲಿ ಏನು ಬರೆಯಲಿ?

ಗೆಳೆಯರೇ,

ಎರಡು ಹಳೆಯ ಲೆಕ್ಕದ ಪುಸ್ತಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೆಲವು ಪದಗಳಲ್ಲಿ ಸಿಕ್ಕಿಬಿದ್ದಿದ್ದೇನೆ. ನಿಮ್ಮ ಸಹಾಯ ಬೇಕು.

ಪುಸ್ತಕಗಳು ನನ್ನವಲ್ಲ. ನಾವಿರುವುದು ಮುಂಬೈಯ ಬೈಕುಲಾದಲ್ಲಿ. ನಮ್ಮ ಕೆಳಗಿನ ಮನೆಯ ಚಾಚಾ ಮೂಲತಃ ವಿಜಯಪುರದವರು. ಅವರ ಅಜ್ಜ ಭೇಂಡಿ ಬಜಾರಿನಲ್ಲಿ ಅತ್ತರಿನ ಅಂಗಡಿ ಇಟ್ಟಿದ್ದರಂತೆ. 1912ರ ಚಳಿಗಾಲದಲ್ಲಿ ಮತ್ತು 1921-22ರಲ್ಲಿ ಅವರು ತುರ್ಕಿಯ ಸಿಪಾಯಿಗಳಿಗೆ, ಮನೆ ಕಳೆದುಕೊಂಡು ಬಂದವರಿಗೆ ಅಂತ ಓಣಿಯಲ್ಲಿ ದುಡ್ಡು ಕೂಡಿಸಿದವರು. ಲೆಕ್ಕವೆಲ್ಲ ಉರ್ದುವಿನಲ್ಲಿದೆ. ಚಾಚಾನ ಮೊಮ್ಮಕ್ಕಳು ಊರಲ್ಲಿ ಕನ್ನಡ ಶಾಲೆಯಲ್ಲಿ ಓದಿದವರು. ಅವರಿಗೆ ಆ ಲಿಪಿ ಬರುವುದಿಲ್ಲ. ಹಾಗಾಗಿ ಚಾಚಾ ಓದುತ್ತಾರೆ, ನಾನು ಬರೆಯುತ್ತೇನೆ. ಭಾನುವಾರ ಎರಡು ಪುಟ ಆದರೆ ದೊಡ್ಡದು.

ಮೊದಲ ಪುಟದಲ್ಲೇ ತಪ್ಪು ಮಾಡಿದೆ. ಪುಟದಲ್ಲಿ ನಾಲ್ಕು ಕಾಲಂ ಇವೆ: ಝಕಾತ್, ಸದಕಾ (ಮನಸ್ಸಿಗೆ ಬಂದಷ್ಟು ಕೊಡುವ ದಾನ), ಚಂದಾ, ಚರ್ಮ್-ಎ-ಕುರ್ಬಾನಿ. ಕೊನೆಯದು ಅಂದರೆ ಬಕ್ರೀದಿನಲ್ಲಿ ಕುರ್ಬಾನಿ ಕೊಟ್ಟ ಪ್ರಾಣಿಯ ಚರ್ಮ ಮಾರಿ ಬಂದ ಹಣ. ನಾನು ನಾಲ್ಕನ್ನೂ ಒಟ್ಟು ಹಾಕಿ ‘ದೇಣಿಗೆ’ ಅಂತ ಬರೆದೆ. ಹೇಗೂ ಎಲ್ಲ ಒಂದೇ ಕಡೆ ಹೋಗುವ ದುಡ್ಡು ಅಲ್ವಾ ಅಂದುಕೊಂಡೆ. ಚಾಚಾ ಕೈ ಹಿಡಿದು ನಿಲ್ಲಿಸಿದರು. ‘ತಂಗೀ, ಹಂಗ ಮಾಡಬ್ಯಾಡ. ನಮ್ಮಜ್ಜ ನಾಕು ಗೆರಿ ಸುಮ್ನ ಎಳದಿಲ್ಲ’ ಅಂದರು.

ಅವರು ಬಿಡಿಸಿ ಹೇಳಿದ ಮೇಲೆ ನನಗೆ ಅರ್ಥವಾಯಿತು. ಝಕಾತ್ ಮನಸ್ಸಿಗೆ ಬಂದಷ್ಟು ಕೊಡುವ ದಾನವಲ್ಲ. ಗೊತ್ತಾದ ಮಿತಿಗಿಂತ ಜಾಸ್ತಿ ಆಸ್ತಿ ಒಂದು ವರ್ಷ ಕೈಯಲ್ಲಿದ್ದರೆ ಅದರ ನಲವತ್ತರಲ್ಲಿ ಒಂದು ಪಾಲು, ಅಂದರೆ ನೂರಕ್ಕೆ ಎರಡೂವರೆ, ಕೊಡಲೇಬೇಕು. ಯಾರಿಗೆ ಅನ್ನುವುದೂ ಕುರಾನಿನಲ್ಲಿದೆ. ತೌಬಾ ಅಧ್ಯಾಯದ 60ನೇ ವಚನ ಎಂಟು ಬಗೆಯವರನ್ನು ಹೆಸರಿಸುತ್ತದೆ. ಬಡವರು, ಸಾಲದಲ್ಲಿ ಮುಳುಗಿದವರು, ದಾರಿಯಲ್ಲಿ ಸಿಕ್ಕಿಬಿದ್ದ ಪಯಣಿಗರು, ‘ಅಲ್ಲಾಹನ ದಾರಿಯಲ್ಲಿ’ ಇರುವವರು, ಹೀಗೆ. ಇಸ್ಲಾಮಿನ ಕಾನೂನು ಪಂಥಗಳಲ್ಲಿ ಒಂದಾದ ಹನಫಿಯಲ್ಲಿ ಇನ್ನೊಂದು ಕಟ್ಟು ಇದೆ. ಝಕಾತಿನ ಹಣ ಬಡವನ ಕೈಗೆ ಅವನದ್ದೇ ಆಗಿ ಸೇರಬೇಕು. ಆ ಹಣದಲ್ಲಿ ಆಸ್ಪತ್ರೆ ಕಟ್ಟಡ ಕಟ್ಟುವಂತಿಲ್ಲ, ಡಾಕ್ಟರಿಗೆ ಸಂಬಳ ಕೊಡುವಂತಿಲ್ಲ. ಚಂದಾಕ್ಕೆ ಈ ಕಟ್ಟು ಇಲ್ಲ. ಯಾರು ಬೇಕಾದರೂ ಕೊಡಬಹುದು, ಯಾವ ಒಳ್ಳೆಯ ಕೆಲಸಕ್ಕೂ ಬಳಸಬಹುದು. ಅಜ್ಜನ ಲೆಕ್ಕದಲ್ಲಿ ಔಷಧಿ, ಬ್ಯಾಂಡೇಜು, ಆಸ್ಪತ್ರೆ ಅಂತ ಬರೆದದ್ದೆಲ್ಲ ಚಂದಾ ಕಾಲಮ್ಮಿನಲ್ಲಿದೆ. ರೊಟ್ಟಿ, ಕಂಬಳಿ, ಅನಾಥ ಮಕ್ಕಳು ಅಂದಲ್ಲಿ ಝಕಾತ್. ನನ್ನ ಒಂದೇ ಒಂದು ‘ದೇಣಿಗೆ’ ಈ ಇಡೀ ವಿವೇಕವನ್ನು ಅಳಿಸಿಹಾಕುತ್ತಿತ್ತು.

ಇಲ್ಲಿಂದ ನನ್ನ ಕಷ್ಟ ಶುರು. ಈ ಉರ್ದು ಪದಗಳಲ್ಲಿ ಸುಮಾರು ಎಲ್ಲವೂ ಕನ್ನಡದಲ್ಲಿ ಈಗಾಗಲೇ ಇವೆ. ಆದರೆ ನಮ್ಮಲ್ಲಿ ಅವು ಬೇರೆ ಕೆಲಸಕ್ಕೆ ಸೇರಿಕೊಂಡಿವೆ.

ಜಕಾತಿ ಅಂದರೆ ನಮಗೆ ಸುಂಕ. ಜಕಾತಿ ಕಟ್ಟೆ ಅಂತ ಹಳಬರು ಹೇಳುವುದನ್ನು ಕೇಳಿದ್ದೇವೆ. ಮುಂಬೈಯಲ್ಲಂತೂ ಜಕಾತ್ ನಾಕಾ ಅಂದರೆ ದಹಿಸರ್, ಮುಲುಂಡ್ ಹತ್ತಿರ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದ ಜಾಗ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಆ ತೆರಿಗೆ ಹೋಯಿತು, ಹೆಸರು ಜನರ ಬಾಯಲ್ಲಿ ಉಳಿದಿದೆ. ಅರಬ್ಬಿಯಲ್ಲಿ ಝಕಾತ್ ಪದದ ಬೇರಿಗೆ ಶುದ್ಧವಾಗು, ಬೆಳೆ ಎಂಬ ಅರ್ಥಗಳಿವೆ. ಮೊಘಲರ ಕಾಲದಲ್ಲಿ ವ್ಯಾಪಾರಿಗಳ ಸರಕಿನ ಮೇಲಿನ ಸುಂಕಕ್ಕೂ ಅದೇ ಹೆಸರು ನಡೆಯುತ್ತಿತ್ತು. ಮರಾಠಿಗೂ ಕನ್ನಡಕ್ಕೂ ದಕ್ಕಿದ್ದು ಆ ಅರ್ಥ. ‘ಸಿಪಾಯಿಗಳಿಗಾಗಿ ಜಕಾತಿ ಎತ್ತಿದರು’ ಎಂದು ಬರೆದರೆ ಓದುವ ಹುಡುಗರಿಗೆ ಯಾರೋ ನಾಕಾದಲ್ಲಿ ನಿಂತು ವಸೂಲಿ ಮಾಡಿದ ಹಾಗೆ ಕಾಣುತ್ತದೆ. ಮಂಗಳೂರು ಕಡೆಯ ಮುಸ್ಲಿಂ ಬರಹಗಾರರು ‘ಝಕಾತ್’ ಎಂದು ಮಹಾಪ್ರಾಣ ಹಾಕಿ ಬರೆಯುತ್ತಾರೆ. ನಾನು ಅದನ್ನೇ ತೆಗೆದುಕೊಂಡಿದ್ದೇನೆ. ಒಂದು ಅಕ್ಷರ ಬದಲಾದರೆ ಸುಂಕದ ನೆರಳು ಹೋಗುತ್ತದೆ. ಈ ಒಂದು ಪದದ ಬಗ್ಗೆ ನನಗೆ ಗೊಂದಲವಿಲ್ಲ.

ಚಂದಾ ಅಂದರೆ ಪತ್ರಿಕೆಗೆ ವರ್ಷಕ್ಕೊಮ್ಮೆ ಕಟ್ಟುವ ಹಣ. ಚಂದಾದಾರ ಅಂದರೆ ಕನ್ನಡಿಗರಿಗೆ ಇನ್ನೇನೂ ಹೊಳೆಯುವುದಿಲ್ಲ. ಹಾಗಾದರೆ ವಂತಿಗೆ ಅನ್ನಲೇ? ಎಲ್ಲರೂ ತಮ್ಮ ಪಾಲು ಹಾಕುವುದು ಎಂಬ ಅರ್ಥ ಅದರಲ್ಲಿದೆ, ನನಗೆ ಇಷ್ಟ. ನಮ್ಮ ಧಾರವಾಡದ ಕಡೆ ‘ಪಟ್ಟಿ ಎತ್ತೋದು’ ಅಂತಾರೆ. ಗಣಪತಿ ಪಟ್ಟಿ, ಜಾತ್ರೆ ಪಟ್ಟಿ. ಇಲ್ಲಿ ಮರಾಠಿಯವರು ವರ್ಗಣಿ ಅಂತಾರೆ. ಮುಂಬೈ ಕನ್ನಡಿಗರ ಬಾಯಲ್ಲೂ ಅದೇ. ಪಟ್ಟಿ ಅನ್ನುವುದರಲ್ಲಿ ಮನೆಮನೆ ತಿರುಗುವ ಕಾಲುಗಳು ಕಾಣುತ್ತವೆ. ಅಜ್ಜ ಮಾಡಿದ್ದೂ ಅದನ್ನೇ. 1921ರ ಪುಟಗಳಲ್ಲಿ ಮೂರು ಹಿಂದೂ ಹೆಸರುಗಳಿವೆ. ತುರ್ಕಿಯ ಖಲೀಫರ ಪೀಠ ಉಳಿಯಬೇಕು ಅಂತ ಇಲ್ಲಿನ ಮುಸ್ಲಿಮರು ನಡೆಸಿದ ಖಿಲಾಫತ್ ಚಳವಳಿಯ ಜೊತೆ ಗಾಂಧೀಜಿ ನಿಂತಿದ್ದ ಕಾಲ ಅದು. ಆ ಮೂವರ ಹಣ ಝಕಾತ್ ಆಗಲು ಸಾಧ್ಯವೇ ಇಲ್ಲ, ಅದು ಮುಸ್ಲಿಮರ ಮೇಲಿನ ಕಡ್ಡಾಯ. ಆದ್ದರಿಂದ ಅವರ ಹೆಸರು ಚಂದಾ ಕಾಲಮ್ಮಿನಲ್ಲಿ. ಸದ್ಯಕ್ಕೆ ‘ವಂತಿಗೆ’ ಬರೆದಿದ್ದೇನೆ. ‘ಪಟ್ಟಿ’ ದಕ್ಷಿಣದವರಿಗೆ ತಿಳಿದೀತೇ? ಹೇಳಿ.

ಜಖ್ಮಿ ಸಿಪಾಹಿ ಅಂತ ಹತ್ತು ಕಡೆ ಬರುತ್ತದೆ. ನಮ್ಮಲ್ಲಿ ಜಖಂ ಆಗುವುದು ಬಸ್ಸು, ಲಾರಿ. ಮನುಷ್ಯರಿಗೆ ಗಾಯ. ಇದಕ್ಕೆ ‘ಗಾಯಗೊಂಡ ಸಿಪಾಯಿ’ ಸಾಕು.

ಹಿಲಾಲ್-ಎ-ಅಹ್ಮರ್ ಸ್ವಲ್ಪ ತಲೆ ತಿನ್ನಿತು. ರೆಡ್ ಕ್ರೆಸೆಂಟ್ ಸಂಸ್ಥೆಯ ಉರ್ದು ಹೆಸರು ಇದು. ತುರ್ಕಿಯಲ್ಲಿ ಆ ಸಂಸ್ಥೆ ಹುಟ್ಟಿದ್ದು 1868ರಲ್ಲಿ. ರಷ್ಯಾದ ಜೊತೆ 1877-78ರಲ್ಲಿ ಯುದ್ಧವಾದಾಗ ಶಿಲುಬೆಯ ಬದಲು ಚಂದ್ರನ ಗುರುತು ಬಳಕೆಗೆ ಬಂತು. ತುರ್ಕಿಯ ಮೇಲೆ ನೆರೆಯ ಬಾಲ್ಕನ್ ದೇಶಗಳ ಯುದ್ಧ ಶುರುವಾದಾಗ ಡಾಕ್ಟರ್ ಎಂ.ಎ. ಅನ್ಸಾರಿಯವರು ವೈದ್ಯರ ತಂಡ ಕಟ್ಟಿಕೊಂಡು 1912ರ ಡಿಸೆಂಬರಿನಲ್ಲಿ ಇದೇ ಮುಂಬೈ ಬಂದರಿನಿಂದ ಹಡಗು ಹತ್ತಿದರು, 1913ರ ಜುಲೈನಲ್ಲಿ ಹಿಂದಿರುಗಿದರು. ಆ ತಂಡದಲ್ಲಿದ್ದ ಪೇಶಾವರದ ಅಬ್ದುರ್ರಹಮಾನ್ ಎಂಬ ಹುಡುಗ ತುರ್ಕಿಯಲ್ಲೇ ಉಳಿದುಬಿಟ್ಟ. ಅಜ್ಜ ಬಂದರಿಗೆ ಹೋಗಿ ಹಡಗು ನೋಡಿ ಬಂದಿದ್ದರಂತೆ. ಪುಟದ ಅಂಚಿನಲ್ಲಿ ಒಂದು ಚಂದ್ರ ಬರೆದಿದ್ದಾರೆ, ಕೆಂಪು ಮಸಿಯಲ್ಲಿ. ನಮ್ಮ ಪತ್ರಿಕೆಗಳಲ್ಲಿ ‘ಕೆಂಪು ಅರ್ಧಚಂದ್ರ’ ಎಂದು ಬರುತ್ತದೆ. ಆದರೆ ಹಿಲಾಲ್ ಅರ್ಧವಲ್ಲ, ಅಮಾವಾಸ್ಯೆ ಕಳೆದು ಮೊದಲು ಕಾಣುವ ಎಳೆ. ಕನ್ನಡದಲ್ಲಿ ಅದಕ್ಕೆ ಬಿದಿಗೆ ಚಂದ್ರ ಎಂಬ ಚೆಂದದ ಹೆಸರು ಇದೆಯಲ್ಲ! ತುರ್ಕರೇ 1935ರಲ್ಲಿ ಅರಬ್ಬಿ ಹೆಸರು ಬಿಟ್ಟು ‘ಕಿಜಿಲಾಯ್’ ಅಂತ ತಮ್ಮ ಮಾತಿನಲ್ಲಿ ಇಟ್ಟುಕೊಂಡರು. ಕೆಂಪು ಚಂದ್ರ ಅಂತ ಅರ್ಥ. ಅವರು ಮಾಡಬಹುದಾದರೆ ನಾವು ‘ಕೆಂಪು ಬಿದಿಗೆ ಚಂದ್ರ’ ಅನ್ನಬಹುದು. ಒಪ್ಪುತ್ತೀರಾ?

ನನ್ನನ್ನು ಜಾಸ್ತಿ ಕಾಡಿದ್ದು ‘ಅಮಾನತ್’. ಎರಡನೆಯ ಪುಸ್ತಕದ ಮೊದಲ ಪುಟದಲ್ಲಿ, ದೊಡ್ಡ ಅಕ್ಷರದಲ್ಲಿ ಅದೊಂದೇ ಪದ ಇದೆ. ನಂಬಿಕೆಯ ಮೇಲೆ ಒಬ್ಬರ ಕೈಗೆ ಒಪ್ಪಿಸಿದ್ದು, ಕೇಳಿದಾಗ ಹಾಗೇ ಮರಳಿಸಬೇಕಾದ್ದು. ಕನ್ನಡದಲ್ಲಿ ಅಮಾನತು ಅಂದರೆ ಅಧಿಕಾರಿಯನ್ನು ಕೆಲಸದಿಂದ ತಡೆಹಿಡಿಯುವುದು! ಈ ಪದವನ್ನು ಬಿಟ್ಟುಬಿಡೋಣ ಅಂದೆ. ಚಾಚಾ ಒಪ್ಪಲಿಲ್ಲ. ಕಾರಣ ಇದೆ. ಗ್ರೀಕರು 1919ರಲ್ಲಿ ಸ್ಮರ್ನಾ ಹಿಡಿದ ಮೇಲೆ ಸ್ಮರ್ನಾ ಫಂಡ್, ಅಂಗೋರಾ ಫಂಡ್ ಅಂತ ಹಣ ಕೂಡಿತು. ಸ್ಮರ್ನಾ ಅಂದರೆ ಈಗಿನ ಇಜ್ಮಿರ್, ಅಂಗೋರಾ ಅಂದರೆ ಅಂಕಾರಾ. ಖಿಲಾಫತ್ ಸಮಿತಿ ನೋಟಿನ ಹಾಗೆ ಕಾಣುವ ಒಂದು ರೂಪಾಯಿಯ ರಸೀದಿಗಳನ್ನು ಹಂಚಿತ್ತು. ಸಮಿತಿಯ ಅಧ್ಯಕ್ಷರು ಮುಂಬೈಯ ಮರದ ವ್ಯಾಪಾರಿ ಸೇಠ್ ಛೋಟಾನಿ. ಲಕ್ಷಗಟ್ಟಲೆ ಹಣ ಅವರ ವ್ಯಾಪಾರದಲ್ಲಿ ಸಿಕ್ಕಿಕೊಂಡಿತು ಎಂದು ಆಮೇಲೆ ಹೊರಬಿತ್ತು. ಬದಲಿಗೆ ಅವರು ಮರ ಕೊಯ್ಯುವ ಮಿಲ್ಲುಗಳನ್ನು ಬಿಟ್ಟುಕೊಟ್ಟರು. ತುರ್ಕಿಗೆ ತಲುಪಿದ ಹಣದಲ್ಲೂ ಒಂದು ಪಾಲು ಯುದ್ಧ ಮುಗಿದ ಮೇಲೆ, 1924ರಲ್ಲಿ, ತುರ್ಕಿಯ ಹೊಸ ನಾಯಕ ಮುಸ್ತಫಾ ಕಮಾಲರು ಸ್ಥಾಪಿಸಿದ ಇಷ್ ಬ್ಯಾಂಕಿಗೆ ಬಂಡವಾಳವಾಯಿತು. ಖಲೀಫರ ಪೀಠವನ್ನೇ ಅದೇ ವರ್ಷ ಮಾರ್ಚ್ 3ರಂದು ತೆಗೆದುಹಾಕಿದ್ದರು. ಕೂಲಿಯವರು ನಾಲ್ಕಾಣೆ, ಎಂಟಾಣೆ ಕೊಟ್ಟದ್ದು ಯಾರಿಗೆ, ಸೇರಿದ್ದು ಎಲ್ಲಿಗೆ? ಈ ನೋವು ಅಜ್ಜನಿಗೆ ಕೊನೆತನಕ ಇತ್ತಂತೆ. ‘ಅದಕ್ಕ ಆ ಅಕ್ಷರ ದೊಡ್ಡದು ಬರದಾರ’ ಅಂದರು ಚಾಚಾ. ಒಪ್ಪಿಸಿದ ಗಂಟು, ನಂಬಿ ಕೊಟ್ಟದ್ದು, ಇಡುಗಂಟು, ಎಲ್ಲ ಯೋಚಿಸಿದೆ. ಇಡುಗಂಟಿನಲ್ಲಿ ಹಣ ಇದೆ, ನಂಬಿಕೆ ಇಲ್ಲ. ಮುಡಿಪಿನಲ್ಲಿ ಮುಟ್ಟಬಾರದು ಎಂಬ ಭಾವ ಇದೆ, ಆದರೆ ಅದು ದೇವರಿಗೆ ಹರಕೆ ಹೊತ್ತದ್ದು. ‘ನಂಬಿಗೆಯ ಗಂಟು’ ಅಂದರೆ ಕಿವಿಗೆ ಹೇಗೆ ಕೇಳುತ್ತದೆ?

ಕೊನೆಯದು ಮುಹಾಜಿರ್. ನಾನು ನಿರಾಶ್ರಿತ ಅಂತ ಬರೆದಿದ್ದೆ. ಬಾಲ್ಕನ್ನಿನಿಂದ ಎತ್ತಿನ ಗಾಡಿಗಳಲ್ಲಿ ಬಂದು ಇಸ್ತಾಂಬುಲಿನ ಮಸೀದಿಗಳಲ್ಲಿ ತಂಗಿದ ಜನ ಅವರು. ಆಶ್ರಯ ಇಲ್ಲದವರು ಅನ್ನುವುದು ನಿಜ. ಆದರೆ ಮುಹಾಜಿರ್ ಪದ ಹಿಜ್ರತ್‌ನಿಂದ ಬಂದದ್ದು. ಪ್ರವಾದಿಯವರು ಮಕ್ಕಾ ಬಿಟ್ಟು ಮದೀನಾಕ್ಕೆ ಹೋದದ್ದೂ ಹಿಜ್ರತ್. ಹಾಗಾಗಿ ಆ ಪದದಲ್ಲಿ ಮರ್ಯಾದೆ ಇದೆ, ನಿರಾಶ್ರಿತದಲ್ಲಿ ಬರಿಯ ಇಲ್ಲದಿರುವಿಕೆ. ವಲಸಿಗ ಅಂದರೆ ಹೊಟ್ಟೆಪಾಡಿಗೆ ಮುಂಬೈಗೆ ಬಂದ ನಾವೂ ವಲಸಿಗರೇ. ಆಮೇಲೆ ಗುಳೆ ನೆನಪಾಯಿತು. ಊರಿಗೆ ಊರೇ ಗಂಟುಮೂಟೆ, ಮಕ್ಕಳು ಮರಿ ಕಟ್ಟಿಕೊಂಡು ಎದ್ದು ಹೋಗುವುದು. ಆ ಗಾಡಿಗಳ ಸಾಲು ಈ ಪದದಲ್ಲಿ ಕಣ್ಣಿಗೆ ಕಟ್ಟುತ್ತದೆ. ಚಾಚಾಗೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಗುಳೆ ಹೋದವರು ಮಳಿ ಬಂದ್ರ ತಿರುಗಿ ಬರ್ತಾರ ತಂಗಿ. ಇವರು ಬರಲಿಲ್ಲ’ ಅಂದರು.

ಅದಕ್ಕೇ ಆ ಜಾಗ ಖಾಲಿ ಬಿಟ್ಟಿದ್ದೇನೆ. ರಾಯಚೂರು, ಕಲಬುರಗಿ, ಬಳ್ಳಾರಿ ಕಡೆಯವರು ದಯವಿಟ್ಟು ಹೇಳಿ: ಬರಗಾಲಕ್ಕಲ್ಲದೆ ದಂಡು, ಲೂಟಿ, ಯುದ್ಧಕ್ಕೆ ಹೆದರಿ ಊರು ಬಿಟ್ಟವರಿಗೂ ನಿಮ್ಮ ಹಿರಿಯರು ಗುಳೆ ಅನ್ನುತ್ತಿದ್ದರೇ? ತಿರುಗಿ ಬರಲಾರದವರಿಗೆ ಬೇರೆ ಮಾತು ಇತ್ತೇ? ಆ ಸಾಲಿನಲ್ಲಿರುವುದು ಇಷ್ಟು: ಒಬ್ಬ ಟಾಂಗಾದವನ ಹೆಂಡತಿ, ಎರಡಾಣೆ, ಮುಹಾಜಿರ್ ಮಕ್ಕಳ ಹಾಲಿಗೆ.